ಸರ್ಕಾರ ಕಬ್ಬಿಣದ ಮಾತ್ರೆ ಪುಕ್ಕಟೆ ಕೊಟ್ಟರೂ ನಮ್ಮ ಹೆಂಗಸರಲ್ಲಿ ರಕ್ತಹೀನತೆ ಏಕೆ ಇಳಿದಿಲ್ಲ?

ಮಾತ್ರೆ ಮನೆ ತಲುಪುತ್ತದೆ, ಹೊಟ್ಟೆ ತಲುಪುವುದಿಲ್ಲ. ಅರ್ಧ ಉತ್ತರ ಇಷ್ಟೇ.

ಗರ್ಭಿಣಿಯರಿಗೆ ಕೊಡುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ ಇರುತ್ತದೆ. ದಿನಕ್ಕೊಂದರಂತೆ 180 ದಿನ ನುಂಗಬೇಕು. ಆದರೆ ಕೆಲವರಿಗೆ ಶುರುವಿನಲ್ಲೇ ವಾಕರಿಕೆ, ಮಲಬದ್ಧತೆ. ಮಲ ಕಪ್ಪಗಾದರೆ ಗಾಬರಿ ಬೇರೆ. ಅದು ಸಹಜ ಅಂತ ಮೊದಲೇ ಯಾರೂ ಹೇಳದಿದ್ದರೆ ಉಳಿದ ಮಾತ್ರೆ ಡಬ್ಬಿ ಸೇರುತ್ತವೆ, ಅಲ್ವಾ?

ಇನ್ನು ಊಟ. ಸೊಪ್ಪು, ರಾಗಿ, ಕಾಳಿನಲ್ಲಿರುವ ಕಬ್ಬಿಣ ಮಾಂಸದಲ್ಲಿರುವುದರಷ್ಟು ಸುಲಭವಾಗಿ ಮೈಗೆ ಹತ್ತುವುದಿಲ್ಲ. ಊಟದ ಬೆನ್ನಿಗೇ ಟೀ ಕುಡಿದರೆ ಇನ್ನೂ ಕಡಿಮೆ; ನಿಂಬೆಹಣ್ಣು ಹಿಂಡಿಕೊಂಡರೆ ಜಾಸ್ತಿ. (ಬೀಟ್‌ರೂಟ್ ಕೆಂಪಗಿದೆ ಅಂತ ಸುಮ್ನೆ ನಂಬಬೇಡಿ, ಅದರಲ್ಲಿ ಕಬ್ಬಿಣ ಅಷ್ಟಕ್ಕಷ್ಟೇ.) ಬರಿಗಾಲಲ್ಲಿ ಹೊಲಕ್ಕಿಳಿಯುವವರಿಗೆ ಕೊಕ್ಕೆಹುಳುವಿನ ಕಾಟವೂ ಇದೆ. ಅದು ಕರುಳಲ್ಲಿ ಕೂತು ರಕ್ತ ಹೀರುತ್ತದೆ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ 15ರಿಂದ 49 ವಯಸ್ಸಿನ ಮಹಿಳೆಯರಲ್ಲಿ ರಕ್ತಹೀನತೆ 2015-16ರಲ್ಲಿ ಶೇ 53 ಇತ್ತು, 2019-21ರಲ್ಲಿ ಶೇ 57 ಆಯಿತು. ಇದೆಲ್ಲ ಕಬ್ಬಿಣದ ಕೊರತೆಯೇ ಅಲ್ಲ. ವಿಟಮಿನ್ ಬಿ12 ಕೊರತೆ, ಥಲಸ್ಸೀಮಿಯಾ (ವಂಶದಿಂದ ಬರುವ ರಕ್ತದ ಕಾಯಿಲೆ) ಕೂಡ ಇರುತ್ತವೆ. ಒಂದೆರಡು ತಿಂಗಳು ಸರಿಯಾಗಿ ಮಾತ್ರೆ ನುಂಗಿದರೂ ಹಿಮೋಗ್ಲೋಬಿನ್ ಏರದಿದ್ದರೆ ಡಾಕ್ಟರಿಗೆ ತೋರಿಸಿ, ಫೆರಿಟಿನ್ (ಮೈಯಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವುದು) ಮತ್ತು ಬಿ12 ಪರೀಕ್ಷೆ ಬೇಕಾ ಕೇಳಿ.