ಬಾಳೆಬರೆ ಘಾಟಿ: ವಾರಾಹಿಗಿಂತ ಹಳೇ ದಾರಿ

ತೀರ್ಥಹಳ್ಳಿ–ಕುಂದಾಪುರ ರಸ್ತೆ ವಾರಾಹಿ ಜಲವಿದ್ಯುತ್ ಯೋಜನೆಗೋಸ್ಕರ ಆಗಿದ್ದಾ ಅಂತ ಕೇಳಿದ್ದೀರಿ. ಇಲ್ಲ ಸ್ವಾಮಿ, ದಾರಿ ಅದಕ್ಕಿಂತ ತುಂಬಾ ಹಳೇದು. ಬಿದನೂರು, ಅಂದ್ರೆ ಈಗಿನ ನಗರ, ಕೆಳದಿ ಅರಸರ ರಾಜಧಾನಿ. ಅಲ್ಲಿಂದ ಕರಾವಳಿಗೆ ಇಳಿಯೋಕೆ ಹೊಸಂಗಡಿ ಘಾಟಿ, ಅಂದ್ರೆ ಇದೇ ಬಾಳೆಬರೆ ಘಾಟಿಯೇ ಬಾಗಿಲು. 1783ರ ಜನವರಿಯಲ್ಲಿ ಜನರಲ್ ಮ್ಯಾಥ್ಯೂಸ್‌ನ ಈಸ್ಟ್ ಇಂಡಿಯಾ ಕಂಪನಿ ಸೇನೆ ಕುಂದಾಪುರದಿಂದ ಇದೇ ಘಟ್ಟ ಹತ್ತಿ ಬಿದನೂರು ಹಿಡಿದಿತ್ತು. ಕೆಲವೇ ತಿಂಗಳಲ್ಲಿ ಟಿಪ್ಪು ವಾಪಸ್ ಕಿತ್ತುಕೊಂಡ, ಆ ಮಾತು ಬೇರೆ.

ಈಗಿನ ರಾಜ್ಯ ಹೆದ್ದಾರಿ 52 ಯಡೂರು, ಮಾಸ್ತಿಕಟ್ಟೆ, ಹುಲಿಕಲ್ ದಾಟಿ ಹೊಸಂಗಡಿಗೆ ಇಳಿದು, ಸಿದ್ದಾಪುರ, ಹಾಲಾಡಿ ಮೇಲೆ ಕುಂದಾಪುರ ಸೇರುತ್ತೆ. ನಗರದ ಕಡೆಯಿಂದ ಬರೋರು ಮಾಸ್ತಿಕಟ್ಟೆಯಲ್ಲಿ ಕೂಡ್ಕೋತಾರೆ. ವಾರಾಹಿಯ ಭೂಗತ ವಿದ್ಯುದಾಗಾರ ಹೊಸಂಗಡಿ ಹತ್ತಿರವೇ ಇದೆ, ಗೊಂದಲ ಅದರಿಂದಲೇ ಇರಬೇಕು.

ಹುಲಿಕಲ್ ಚಂಡಿಕಾಂಬಾ ಗುಡಿ ಮುಂದೆ ಡ್ರೈವರ್‌ಗಳು ಗಾಡಿ ನಿಲ್ಲಿಸಿ ಕೈಮುಗಿದೇ ತಿರುವು ಇಳಿಯೋದು. ಜುಲೈನಲ್ಲಿ ಹೋಗೋದಾದ್ರೆ ವೈಪರ್ ನೋಡ್ಕೊಳ್ಳಿ; ಮಂಜು ಕವಿದ್ರೆ ಎದುರಿನ ಬಸ್ಸಿನ ದೀಪವೂ ಕಾಣಲ್ಲ.