ಫೇಬಲ್ಸ್ ಓದೋಕೆ ಇಂಗ್ಲಿಷ್ ಅಜ್ಜಿಕತೆಗಳೆಲ್ಲ ಗೊತ್ತಿರಬೇಕಾ?

ನಿಮ್ಮದು ಮೂರು ಪ್ರಶ್ನೆ: ಫೇಬಲ್ಸ್ ಕಾಮಿಕ್ಸ್ ಸರಣಿಯನ್ನು ಎಲ್ಲಿಂದ ಶುರು ಮಾಡಬೇಕು, ಕನ್ನಡ ಮೀಡಿಯಂನಲ್ಲಿ ಓದಿದವರಿಗೆ ಅರ್ಥವಾಗುತ್ತದಾ, ಹತ್ತು ವರ್ಷದ ಮಗಳಿಗೆ ಕೊಡಬಹುದಾ. ಕೊನೆಯದಕ್ಕೆ ಮೊದಲೇ ಹೇಳಿಬಿಡುತ್ತೇನೆ: ಬೇಡ. ಇದು ದೊಡ್ಡವರಿಗೆಂದೇ ಬರೆದದ್ದು, ರಕ್ತಪಾತ ಬೇಕಾದಷ್ಟಿದೆ. ಅವಳು ಕಾಲೇಜಿಗೆ ಬರಲಿ.

ನಾನೂ ಕನ್ನಡ ಮೀಡಿಯಂನವಳೇ. ಚಾಮರಾಜಪೇಟೆಯ ಮನೆಯಲ್ಲಿ ಅಜ್ಜಿಯ ಪಕ್ಕ ಮಲಗಿ ಕತೆ ಕೇಳಿದವಳು. ಯಾವ ಕತೆಯಾದರೂ ಅಜ್ಜಿ ಮುಗಿಸುತ್ತಿದ್ದದ್ದು ಒಂದೇ ಮಾತಿನಿಂದ: 'ಅವರು ಅಲ್ಲಿ ಸುಖವಾಗಿದ್ದಾರೆ, ನಾವು ಇಲ್ಲಿ ಹೀಗಿದ್ದೀವಿ.' ಅವರ 'ಅಲ್ಲಿ'ಗೂ ನಮ್ಮ 'ಇಲ್ಲಿ'ಗೂ ದಾರಿಯೇ ಇರಲಿಲ್ಲ. ಬಿಲ್ ವಿಲ್ಲಿಂಗ್‌ಹ್ಯಾಮ್ 2002ರಲ್ಲಿ ಶುರುಮಾಡಿದ ಈ ಸರಣಿ ಆ ದಾರಿ ತೆರೆಯುತ್ತದೆ. ಕತೆಗಳ ನಾಡುಗಳನ್ನು ಒಬ್ಬ ಶತ್ರು ಒಂದೊಂದಾಗಿ ಗೆದ್ದಿದ್ದಾನೆ. ಜೀವ ಉಳಿಸಿಕೊಂಡವರು ಓಡಿಬಂದು ನ್ಯೂಯಾರ್ಕಿನಲ್ಲಿ ಗುಟ್ಟಾಗಿ ಬಾಳುತ್ತಿದ್ದಾರೆ. ಅವರ ಆ ಗುಟ್ಟಿನ ಕೇರಿಗೆ ಏಳು ಕುಳ್ಳರ ಕತೆಯ ಸ್ನೋ ವೈಟ್ ಉಪಮೇಯರ್. ಸಿಕ್ಕವರನ್ನೆಲ್ಲ ನುಂಗುತ್ತಿದ್ದ ತೋಳ ಮನುಷ್ಯರೂಪ ತಾಳಿ, ಬಿಗ್ಬಿ ಎಂಬ ಹೆಸರಿನಲ್ಲಿ ಪೊಲೀಸ್ ಕೆಲಸ ನೋಡಿಕೊಳ್ಳುತ್ತಾನೆ. ಇಲ್ಲಿ ಸೇರಿದವರ ಹಳೇ ತಪ್ಪುಗಳಿಗೆಲ್ಲ ಮಾಫಿ ಎಂಬುದು ಒಪ್ಪಂದ.

ಮಾಫಿ ಸಿಕ್ಕಿತೆಂದು ಋಣ ಹರಿಯುತ್ತದೆಯೇ? ಮೊದಲ ಸಂಚಿಕೆಯಲ್ಲೇ ಮೂರು ಹಂದಿಮರಿಗಳಲ್ಲೊಬ್ಬ, ಕಾಲಿನ್, ತೋಳನ ಮನೆಗೆ ಬಂದು ಠಿಕಾಣಿ ಹೂಡಿರುತ್ತಾನೆ. ನನ್ನ ಮನೆ ಊದಿ ಕೆಡವಿದವನು ನೀನು, ಆ ಬಾಕಿ ತೀರಿಸು ಅನ್ನುವುದು ಅವನ ವಾದ. ಹಳೇ ಕತೆ ಕೇಳದವರಿಗೂ ಅಷ್ಟರಲ್ಲೇ ಹಿಂದಿನದೆಲ್ಲ ತಿಳಿಯುತ್ತದೆ. ನನಗಂತೂ ಗೋವಿನ ಹಾಡಿನ ಹುಲಿ ನೆನಪಾಯಿತು. ಪುಣ್ಯಕೋಟಿಯ ಸತ್ಯಕ್ಕೆ ಸೋತು ಅದು ಪ್ರಾಣ ಬಿಟ್ಟಿತು. ಬದುಕಿದ್ದರೆ? ದಿನಾ ಆ ಹಸುಗಳ ಮುಂದೆಯೇ ಓಡಾಡಿಕೊಂಡು ಹೇಗೆ ಬಾಳುತ್ತಿತ್ತು? ಬಿಗ್ಬಿಯ ಪಾಡು ಅದೇ.

ಶುರು ಮಾಡಬೇಕಾದದ್ದು ಮೊದಲ ಸಂಪುಟದಿಂದಲೇ, 'ಲೆಜೆಂಡ್ಸ್ ಇನ್ ಎಕ್ಸೈಲ್', 1ರಿಂದ 5ನೇ ಸಂಚಿಕೆ. ಸ್ನೋ ವೈಟಳ ತಂಗಿ ರೋಸ್ ರೆಡ್ ನಾಪತ್ತೆ. ಅವಳ ಮನೆತುಂಬ ರಕ್ತ, ಗೋಡೆಯ ಮೇಲೆ ರಕ್ತದಲ್ಲೇ ಬರೆದ ಸಾಲು: ಇನ್ನು ಸುಖವಾಗಿ ಬಾಳುವುದು ಮುಗಿಯಿತು, ಅಂತ. ಅಜ್ಜಿಯ ಮಾತನ್ನೇ ಯಾರೋ ಅಳಿಸಿದ ಹಾಗೆ ಎದೆ ಧಸಕ್ಕೆಂದಿತು. ಸಂಪುಟದ ಕೊನೆಯಲ್ಲಿ ಗದ್ಯದಲ್ಲೊಂದು ಕತೆಯಿದೆ, ತೋಳ ಇಲ್ಲಿಗೆ ಬಂದ ಬಗೆ. ಚಿತ್ರಗಳು ಕಡಿಮೆ ಅಂತ ಬಿಡಬೇಡಿ.

ಆದರೂ ಆ ಕೊಲೆಯ ತನಿಖೆ ನನಗೆ ಸಾಧಾರಣ ಅನ್ನಿಸಿತು. ಸರಣಿ ನಿಜವಾಗಿ ಮೇಲೇಳುವುದು ಎರಡನೆಯ ಸಂಪುಟದಲ್ಲಿ, ಮಾರ್ಕ್ ಬಕಿಂಗ್‌ಹ್ಯಾಮ್ ಚಿತ್ರ ಬರೆಯಲು ಬಂದಾಗ. ಮನುಷ್ಯರಂತೆ ಕಾಣದವರನ್ನೆಲ್ಲ ಊರಾಚೆಯ ಒಂದು ತೋಟದಲ್ಲಿಟ್ಟಿದ್ದಾರೆ, ಹೊರಗೆ ಕಾಲಿಡುವಂತಿಲ್ಲ. ಅವರು ದಂಗೆಯೇಳುತ್ತಾರೆ. ಅದನ್ನು ಓದುವಾಗ, ಅಲ್ಲಿವರೆಗೆ ನನಗೆ ಪ್ರಿಯರಾಗಿದ್ದವರ ಪಕ್ಷ ಹಿಡಿಯುವುದೇ ಕಷ್ಟವಾಯಿತು. ಹಾಗಾಗಿ ಒಂದನ್ನೇ ಓದಿ ತೀರ್ಮಾನಕ್ಕೆ ಬರಬೇಡಿ, ಎರಡನ್ನೂ ಓದಿ. 2015ರಲ್ಲಿ 150ನೇ ಸಂಚಿಕೆಗೆ ಮೂಲ ಸರಣಿ ಮುಗಿಯಿತು; ಆಮೇಲೆ 2022ರಿಂದ ಬಂದ ಹನ್ನೆರಡನ್ನು ನಿಧಾನಕ್ಕೆ ನೋಡಿಕೊಂಡರಾಯಿತು. ಚರ್ಚ್ ಸ್ಟ್ರೀಟಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಮೊದಲು ವಿಚಾರಿಸಿ. ನನ್ನ ಪ್ರತಿ ಸಿಕ್ಕಿದ್ದು ಅಲ್ಲೇ.

ಆ ಶತ್ರು ಯಾರೆಂದು ಮಾತ್ರ ಇಂಟರ್ನೆಟ್ಟಿನಲ್ಲಿ ಹುಡುಕಬೇಡಿ. ಗೆಳತಿಯೊಬ್ಬಳು ನನಗೆ ಮೊದಲೇ ಹೇಳಿಬಿಟ್ಟಿದ್ದಳು. ಅವನ ಗುಟ್ಟು ಬಯಲಾಗುವ ಪುಟ ನೆನೆದರೆ ಈಗಲೂ ಹೊಟ್ಟೆ ಉರಿಯುತ್ತದೆ.