ಪ್ಲಗ್ ಹಾಕುವ ಮೊದಲು: ಹಳೆಯ ರೇಡಿಯೊಗಳ ಪ್ರಶ್ನೋತ್ತರ

ಪ್ರಶ್ನೆ: ಅಟ್ಟದಿಂದ ಅಜ್ಜನ ಕಾಲದ ವಾಲ್ವ್ ರೇಡಿಯೊ ಇಳಿಸಿದ್ದೇವೆ. ಇಪ್ಪತ್ತೈದು ವರ್ಷದಿಂದ ಅದಕ್ಕೆ ಕರೆಂಟ್ ಕೊಟ್ಟಿಲ್ಲ. ಒಳಗೆ ಇಸಿಎಚ್ 81, ಇಎಫ್ 89, ಇಬಿಸಿ 81, ಇಎಲ್ 84, ಇಝಡ್ 80 ವಾಲ್ವ್‌ಗಳಿವೆ. ಒಮ್ಮೆ ಪ್ಲಗ್ ಹಾಕಿ ನೋಡಬಹುದೇ?
– ಓದುಗರು, ಬೆಟಗೇರಿ

ಉತ್ತರ: ದಯವಿಟ್ಟು ಹಾಕಬೇಡಿ. ಇಷ್ಟು ವರ್ಷ ಸುಮ್ಮನೆ ಕುಳಿತ ಸೆಟ್ಟಿನಲ್ಲಿ ವಾಲ್ವ್‌ಗಳು ಬಹುತೇಕ ಚೆನ್ನಾಗಿಯೇ ಇರುತ್ತವೆ, ಕೆಡುವುದು ಕಂಡೆನ್ಸರ್‌ಗಳು (ವಿದ್ಯುತ್ ಹಿಡಿದಿಡುವ ಬಿಡಿಭಾಗಗಳು). ಅವನ್ನು ನೋಡದೆ ಪ್ಲಗ್ ಹಾಕಿದರೆ ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಅಥವಾ ಮೇನ್ಸ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋದೀತು. ವಾಲ್ವ್ ಹುಡುಕಿದರೆ ಇನ್ನೂ ಸಿಗುತ್ತದೆ. ಆ ಟ್ರಾನ್ಸ್‌ಫಾರ್ಮರ್ ಮಾತ್ರ ಹೊಸದಾಗಿ ಸುತ್ತಿಸಬೇಕಾಗುತ್ತದೆ.

ಮೊದಲು ಮೇನ್ಸ್ ವೈರ್ ನೋಡಿ. ರಬ್ಬರ್ ಹೊದಿಕೆ ಬೆರಳಿಗೆ ಪುಡಿಯಾಗುತ್ತಿದ್ದರೆ ಕಿತ್ತು 0.75 ಚದರ ಮಿ.ಮೀ. ವೈರ್ ಹಾಕಿ, ಫೇಸ್ ದಾರಿಯಲ್ಲಿ 500 ಮಿಲಿಆಂಪ್ ಸ್ಲೋ-ಬ್ಲೋ ಫ್ಯೂಸ್ ಕೂಡಿಸಿ. ಹಿಂಬದಿಯ ವೋಲ್ಟೇಜ್ ಟ್ಯಾಪಿಂಗ್ (ಮನೆಯ ವೋಲ್ಟೇಜಿಗೆ ಸೆಟ್ಟನ್ನು ಹೊಂದಿಸುವ ಜಾಗ) 220ರಲ್ಲಿದ್ದರೆ, 245 ಇದ್ದಲ್ಲಿ ಅದಕ್ಕೆ ಬದಲಿಸಿ. ಈಗ ಮನೆಗೆ ಬರುವ ಕರೆಂಟು 230ರಿಂದ 240ರ ಆಸುಪಾಸಿನದು, 220ರಲ್ಲೇ ಬಿಟ್ಟರೆ ವಾಲ್ವ್‌ಗಳ ಹೀಟರ್ ಅನವಶ್ಯಕವಾಗಿ ಕಾಯುತ್ತದೆ.

ಆಮೇಲೆ ಡಿಸಿ ಕರೆಂಟಿನ ಏರಿಳಿತ ಸಮ ಮಾಡುವ ಎರಡು ಫಿಲ್ಟರ್ ಕಂಡೆನ್ಸರ್ ಬದಲಿಸಿ: 47 ಮೈಕ್ರೋಫ್ಯಾರಡ್, 450 ವೋಲ್ಟ್. ಗುಂಯ್ ಸದ್ದು ಪೂರ್ತಿ ಹೋಗಲೆಂದು 100 ಹಾಕುವವರಿದ್ದಾರೆ, ಅದು ತಪ್ಪು. ಎಸಿಯನ್ನು ಡಿಸಿ ಮಾಡುವ ಇಝಡ್ 80ರ ಕ್ಯಾಥೋಡಿಗೆ (ಡಿಸಿ ಹೊರಬರುವ ತುದಿಗೆ) ತಾಗಿದ ಮೊದಲ ಕಂಡೆನ್ಸರ್ 50 ಮೈಕ್ರೋಫ್ಯಾರಡ್ ದಾಟಬಾರದು. ದಾಟಿದರೆ ಪ್ರತಿ ಸಲ ಅದು ತುಂಬಿಕೊಳ್ಳುವಾಗಿನ ಕರೆಂಟಿನ ಹೊಡೆತಕ್ಕೆ ವಾಲ್ವ್ ಬೇಗ ಸಾಯುತ್ತದೆ. ಹಳೆಯ ಅಲ್ಯೂಮಿನಿಯಂ ಡಬ್ಬಿಯ ತಂತಿಗಳನ್ನು ಬಿಚ್ಚಿ, ಡಬ್ಬಿಯನ್ನು ಶೋಭೆಗಾಗಿ ಇದ್ದಲ್ಲೇ ಬಿಡಿ, ಹೊಸವು ಷಾಸಿಯ (ಭಾಗಗಳನ್ನೆಲ್ಲ ಕೂಡಿಸಿದ ಲೋಹದ ತಟ್ಟೆಯ) ಕೆಳಗೆ ಕೂಡುತ್ತವೆ.

ಎಲ್ಲಕ್ಕಿಂತ ಮುಖ್ಯವಾದ ಕಂಡೆನ್ಸರ್ ಒಂದಿದೆ: ಇಬಿಸಿ 81ರ ಆನೋಡಿನಿಂದ (ಹಿಗ್ಗಿಸಿದ ಸದ್ದು ಹೊರಬರುವ ತುದಿಯಿಂದ) ಸ್ಪೀಕರ್ ನಡೆಸುವ ಇಎಲ್ 84ರ 2ನೇ ಪಿನ್ನಿಗೆ, ಅಂದರೆ ವಾಲ್ವಿನ ಕರೆಂಟನ್ನು ಹತೋಟಿಯಲ್ಲಿಡುವ ಗ್ರಿಡ್ಡಿಗೆ, ಹೋಗುವುದು. ಸಾಮಾನ್ಯವಾಗಿ 0.01ರಿಂದ 0.02 ಮೈಕ್ರೋಫ್ಯಾರಡ್, ಮೇಣ ಹಚ್ಚಿದ ಕಾಗದದ್ದು. ಇದು ಸೋರಿದರೆ ಗ್ರಿಡ್ ಪಾಸಿಟಿವ್ ಆಗಿ, ವಾಲ್ವ್ ಮಿತಿಮೀರಿ ಕರೆಂಟು ಎಳೆದು, ಒಳಗಿನ ತಗಡು ಕೆಂಪಗೆ ಕಾಯುತ್ತದೆ. ಅಳೆದು ನೋಡುತ್ತ ಕೂಡದೆ 630 ವೋಲ್ಟಿನ ಪಾಲಿಯೆಸ್ಟರ್ ಹಾಕಿಬಿಡಿ. ಉಳಿದ ಕಾಗದದ ಕಂಡೆನ್ಸರ್‌ಗಳನ್ನೂ ಒಂದೊಂದಾಗಿ, ಒಂದು ಬಿಚ್ಚಿ ಒಂದು ಹಾಕಿ ಎಂಬ ಕ್ರಮದಲ್ಲಿ ಬದಲಿಸಿ. ಮೈಕಾ, ಸಿರಾಮಿಕ್ ಮುಟ್ಟಬೇಡಿ. ಐ.ಎಫ್. (ಇಂಟರ್‌ಮೀಡಿಯಟ್ ಫ್ರೀಕ್ವೆನ್ಸಿ, ಬಂದ ಸ್ಟೇಷನ್ ಯಾವುದೇ ಇರಲಿ ಸೆಟ್ ಅದನ್ನು ಬದಲಿಸಿಕೊಳ್ಳುವ ಒಂದೇ ಆವರ್ತನ) ಡಬ್ಬಿಗಳ ಸ್ಕ್ರೂ ತಿರುವಲೇಬೇಡಿ. ದೋಷ ಸಿಗದಿದ್ದಾಗ ಕೈ ಅಲ್ಲಿಗೇ ಹೋಗುತ್ತದೆ, ಒಳ್ಳೆಯ ಸೆಟ್ಟುಗಳು ಕೆಟ್ಟಿರುವುದೂ ಅಲ್ಲೇ.

ಈಗ ಸೀರೀಸ್ ಬೋರ್ಡಿನಲ್ಲಿ, ಅಂದರೆ ಸೆಟ್ಟಿನ ಕರೆಂಟು ಬಲ್ಬಿನ ಮೂಲಕವೇ ಹಾಯುವ ಬೋರ್ಡಿನಲ್ಲಿ, 60 ವ್ಯಾಟಿನ ಹಳೆಯ ತಂತಿ ಬಲ್ಬ್ ಹಾಕಿ (ಎಲ್‌ಇಡಿ ನಡೆಯುವುದಿಲ್ಲ) ಸೆಟ್ ಚಾಲು ಮಾಡಿ. ಬಲ್ಬು ಒಮ್ಮೆ ಬೆಳಗಿ ಮಂದವಾದರೆ ಸರಿ. ಪೂರ್ಣ ಪ್ರಕಾಶದಲ್ಲೇ ನಿಂತರೆ ಎಲ್ಲೋ ಶಾರ್ಟ್ ಇದೆ, ಕೂಡಲೇ ಬಂದ್ ಮಾಡಿ. ಎಲ್ಲ ಸರಿಯಿದ್ದು ನೇರ ಕರೆಂಟಿಗೆ ಹಾಕಿದ ಮೇಲೆ ಇಎಲ್ 84ರ 3ನೇ ಪಿನ್ನಿನಲ್ಲಿ 7–8 ವೋಲ್ಟ್, 2ನೇ ಪಿನ್ನಿನಲ್ಲಿ ಸೊನ್ನೆ ಇರಬೇಕು. ಹೊಸ ಕಂಡೆನ್ಸರ್ ಹಾಕಿದ ಮೇಲೂ 2ನೇ ಪಿನ್ ಪಾಸಿಟಿವ್ ತೋರಿಸಿದರೆ ಆಗ ವಾಲ್ವನ್ನು ಅನುಮಾನಿಸಿ. ಒಳಗೆ 250 ವೋಲ್ಟ್ ಇರುತ್ತದೆ, ಬಂದ್ ಮಾಡಿದ ಮೇಲೂ ಫಿಲ್ಟರಿನಲ್ಲಿ ಉಳಿದಿರುತ್ತದೆ. 5 ವ್ಯಾಟಿನ 1 ಕಿಲೋಓಮ್ ರೆಸಿಸ್ಟರ್ ಮೂಲಕ ಖಾಲಿ ಮಾಡಿಯೇ ಕೈ ಹಾಕಿ.

ಪ್ರಶ್ನೆ: ಮೀಡಿಯಂ ವೇವ್‌ನಲ್ಲಿ ಧಾರವಾಡ ಗಟ್ಟಿಯಾಗಿ ಬರುತ್ತದೆ. ಶಾರ್ಟ್ ವೇವ್‌ಗೆ ತಿರುಗಿಸಿದರೆ ಬರೀ ಸೊರ್ ಎನ್ನುತ್ತದೆ.
– ಓದುಗರು, ಹಳೇ ಹುಬ್ಬಳ್ಳಿ

ಉತ್ತರ: ಮೀಡಿಯಂ ವೇವ್ ಬರುತ್ತಿದೆ ಎಂದರೆ ಐ.ಎಫ್., ಆಡಿಯೊ, ಪವರ್ ಎಲ್ಲ ಸರಿ ಇವೆ. ಉಳಿದದ್ದು ಬ್ಯಾಂಡ್ ಸ್ವಿಚ್ ಅಥವಾ ಆಸಿಲೇಟರ್ (ಸೆಟ್ಟಿನೊಳಗೇ ತರಂಗ ಹುಟ್ಟಿಸುವ ಭಾಗ). ಸ್ವಿಚ್ಚಿನ ಬೆಳ್ಳಿ ಲೇಪದ ಮೇಲೆ ಕಪ್ಪು ಕಿಲುಬು, ಅದರ ಮೇಲೆ ನಮ್ಮ ಎರೆಮಣ್ಣಿನ ಧೂಳು ಕೂತಿರುತ್ತದೆ. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಸಣ್ಣ ಬ್ರಷ್ ಅದ್ದಿ ಒರೆಸಿ, ಸ್ವಿಚ್ಚನ್ನು ಇಪ್ಪತ್ತು ಸಲ ತಿರುವಿ. ಸೀಮೆಎಣ್ಣೆ, ಪಾಲಿಶ್ ಕಾಗದ ಎರಡೂ ಬೇಡ.

ಅದರಿಂದ ಆಗದಿದ್ದರೆ ಆಸಿಲೇಟರ್ ನಡೆಯುತ್ತಿದೆಯೇ ನೋಡಿ. ಇದಕ್ಕೆ ದೊಡ್ಡ ಉಪಕರಣ ಬೇಡ, ಪಕ್ಕದಲ್ಲೊಂದು ಟ್ರಾನ್ಸಿಸ್ಟರ್ ರೇಡಿಯೊ ಸಾಕು. ನಿಮ್ಮ ಸೆಟ್ಟಿನ ಐ.ಎಫ್. 455 ಕಿಲೋಹರ್ಟ್ಸ್ ಆಗಿದ್ದು, ಸೆಟ್ಟನ್ನು ಧಾರವಾಡದ 765 ಕಿಲೋಹರ್ಟ್ಸ್‌ನಲ್ಲಿ ಇಟ್ಟರೆ ಆಸಿಲೇಟರ್ ಎರಡೂ ಕೂಡಿದ 1220ರಲ್ಲಿ ನಡೆಯುತ್ತದೆ. ಟ್ರಾನ್ಸಿಸ್ಟರನ್ನು 1220ಕ್ಕೆ ಇಟ್ಟು ಹತ್ತಿರ ತನ್ನಿ, ಗೊರಗೊರ ಸದ್ದು ತಟ್ಟನೆ ಅಡಗುತ್ತದೆ. ಕಿವಿಗೆ ಇದು ರೂಢಿಯಾದ ಮೇಲೆ ಶಾರ್ಟ್ ವೇವ್‌ನಲ್ಲೂ ಹಾಗೇ ಹುಡುಕಿ: ಮುಳ್ಳು 9.5 ಮೆಗಾಹರ್ಟ್ಸ್‌ನಲ್ಲಿದ್ದರೆ 9.955ರ ಸುತ್ತ. ಎಲ್ಲಿಯೂ ಸಿಗದಿದ್ದರೆ ಇಸಿಎಚ್ 81ರ 9ನೇ ಪಿನ್ (ಆಸಿಲೇಟರಿನ ಗ್ರಿಡ್) ಅಳೆಯಿರಿ. ಮೀಟರಿನ ಮೊನೆಗೆ 100 ಕಿಲೋಓಮ್ ರೆಸಿಸ್ಟರ್ ಬೆಸೆದುಕೊಳ್ಳಿ, ಇಲ್ಲದಿದ್ದರೆ ಮೀಟರೇ ಆಸಿಲೇಟರನ್ನು ನಿಲ್ಲಿಸುತ್ತದೆ. ಮೈನಸ್ 8–10 ವೋಲ್ಟ್ ಸಿಕ್ಕರೆ ಆರೋಗ್ಯ ಚೆನ್ನಾಗಿದೆ. ಸೊನ್ನೆ ಬಂದರೆ ಅದೇ ವಾಲ್ವಿನೊಳಗೆ ಆಸಿಲೇಟರ್ ಆಗಿ ದುಡಿಯುವ ಟ್ರಯೋಡ್ ಭಾಗದ ಆನೋಡಿನ ಕಾರ್ಬನ್ ರೆಸಿಸ್ಟರನ್ನು ಮೊದಲು ನೋಡಿ. 33 ಕಿಲೋಓಮ್‌ನದು ವರ್ಷ ಕಳೆದಂತೆ ಓಮ್ ಏರಿಸಿಕೊಂಡು 60 ಕಿಲೋಓಮ್ ದಾಟಿರಬಹುದು. ವಾಲ್ವ್ ಬದಲಿಸುವುದು ಕೊನೆಗೆ.

ಪ್ರಶ್ನೆ: ನಮ್ಮ ಸೆಟ್ಟಿನ ನಾಬ್ ಸ್ಕ್ರೂ ಮುಟ್ಟಿದರೆ ಶಾಕ್ ಹೊಡೆಯುತ್ತದೆ. ಯುಸಿಎಚ್ 81, ಯುವೈ 85 ವಾಲ್ವ್‌ಗಳಿವೆ. ಷಾಸಿಗೆ ಅರ್ತ್ ಕೊಟ್ಟರೆ ಸರಿಹೋದೀತೆ?
– ಓದುಗರು, ರಾಣೆಬೆನ್ನೂರು

ಉತ್ತರ: ಖಂಡಿತ ಕೊಡಬೇಡಿ. 'ಯು' ಅಕ್ಷರದ ವಾಲ್ವ್‌ಗಳ ಸೆಟ್ ಎಸಿ-ಡಿಸಿ ಮಾದರಿಯದು, ಅದರಲ್ಲಿ ಮೇನ್ಸ್ ಟ್ರಾನ್ಸ್‌ಫಾರ್ಮರ್ ಇಲ್ಲ, ಷಾಸಿ ಮೇನ್ಸ್‌ನ ಒಂದು ತಂತಿಗೆ ನೇರ ಸೇರಿರುತ್ತದೆ. ಪ್ಲಗ್ ತಿರುಗಿ ಕೂತರೆ ಷಾಸಿಯೇ ಫೇಸ್. ಅದಕ್ಕೆ ಅರ್ತ್ ಕೊಟ್ಟರೆ ಶಾರ್ಟ್ ಆಗುತ್ತದೆ. ತಿರುಗಿಸಿ ಹಾಕಲು ಬಾರದ ಮೂರು ಪಿನ್ನಿನ ಪ್ಲಗ್ ಹಾಕಿ, ಷಾಸಿ ನ್ಯೂಟ್ರಲ್ ಕಡೆ ಬರುವಂತೆ ಮಾಡಿ, ಅರ್ತ್ ಪಿನ್ ಖಾಲಿ ಬಿಡಿ. ಸಾಕೆಟ್ಟಿನ ವೈರಿಂಗೇ ಅದಲುಬದಲಾಗಿರುವುದೂ ಉಂಟು, ಟೆಸ್ಟರ್ ಹಿಡಿದು ನೋಡಿ. ನಾಬ್ ಸ್ಕ್ರೂಗಳ ತೂತಿಗೆ ಮೇಣ ತುಂಬಿ. ಏರಿಯಲ್ ಸಾಕೆಟ್ಟಿನ ಹಳೆಯ ಕಂಡೆನ್ಸರ್ ತೆಗೆದು ಅಷ್ಟೇ ಫ್ಯಾರಡ್ ಅಳತೆಯ ವೈ-ವರ್ಗದ್ದನ್ನೇ (ಕೆಟ್ಟರೂ ಶಾರ್ಟ್ ಆಗದಂತೆ ಮಾಡಿದ್ದು) ಹಾಕಿ, ಬೇರೆ ಯಾವುದೂ ಬೇಡ. ದುರಸ್ತಿಗೆ ಕೂಡುವಾಗ ಸೆಟ್ಟನ್ನು ಮೇನ್ಸ್‌ನಿಂದ ಬೇರ್ಪಡಿಸುವ 100 ವಿಎ ಐಸೊಲೇಷನ್ ಟ್ರಾನ್ಸ್‌ಫಾರ್ಮರ್ ಇಲ್ಲದೆ ಹಿಂಬದಿ ಬಿಚ್ಚಬೇಡಿ.

ಪ್ರಶ್ನೆ: ಗುಜರಿಯಲ್ಲಿ ಸಿಕ್ಕ ಟ್ರಾನ್ಸಿಸ್ಟರ್ ಸೆಟ್ ಬಡಿದರೆ ಹಾಡುತ್ತದೆ, ಮತ್ತೆ ನಿಲ್ಲುತ್ತದೆ. ಬೆಸುಗೆಯೆಲ್ಲ ಹೊಸದಾಗಿ ಮಾಡಿದೆ.
– ಓದುಗರು, ಧಾರವಾಡ

ಉತ್ತರ: ಒಳಗೆ ಎಎಫ್ 115, 116 ಅಥವಾ 117 ಎಂಬ ಟ್ರಾನ್ಸಿಸ್ಟರ್ ಬಿಡಿಭಾಗ ಇದ್ದರೆ ದೋಷ ಬೆಸುಗೆಯಲ್ಲಿಲ್ಲ. ಆ ಟ್ರಾನ್ಸಿಸ್ಟರಿನ ತಗಡಿನ ಟೊಪ್ಪಿಗೆಯ ಒಳಗೆ ತವರದ ಕೂದಲೆಳೆಗಳು ಬೆಳೆದು ಟೊಪ್ಪಿಗೆಗೂ ಒಳಗಿನ ಕಾಲುಗಳಿಗೂ ಶಾರ್ಟ್ ಮಾಡುತ್ತವೆ. ಬಡಿದಾಗ ಎಳೆ ಕದಲುತ್ತದೆ, ಅಷ್ಟೆ. ನಾಲ್ಕು ಕಾಲುಗಳಲ್ಲಿ ಒಂದು ಟೊಪ್ಪಿಗೆಗೆ ಸೇರಿದ ಸ್ಕ್ರೀನ್. ಟ್ರಾನ್ಸಿಸ್ಟರ್ ಬಿಚ್ಚಿ, ಸ್ಕ್ರೀನಿನಿಂದ ಉಳಿದ ಮೂರಕ್ಕೂ ಮೀಟರ್ ಇಟ್ಟು ನೋಡಿ, ಏನೂ ತೋರಿಸಬಾರದು. ಒಂದೇ ಕಾಲಿಗೆ ಶಾರ್ಟ್ ಇದ್ದರೆ ಸ್ಕ್ರೀನ್ ಕಾಲು ಕತ್ತರಿಸಿದರೆ ಸಾಕು, ಸೆಟ್ ಹಾಡುತ್ತದೆ. ಎರಡಕ್ಕೆ ಆಗಿದ್ದರೆ ಬದಲಿಸಲೇಬೇಕು.

ಪ್ರಶ್ನೆ: ರಿಪೇರಿ ಮಾಡಿದರೂ ಶಾರ್ಟ್ ವೇವ್‌ನಲ್ಲಿ ಈಗ ಕೇಳಲು ಏನಿದೆ? ಬರೀ ಗದ್ದಲ.
– ಓದುಗರು, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಕಡಿಮೆಯಾಗಿರುವುದು ನಿಜ, ಬಿಬಿಸಿ ಹಿಂದಿಯ ಶಾರ್ಟ್ ವೇವ್ ಪ್ರಸಾರ 2020ರ ಜನವರಿ 31ಕ್ಕೆ ನಿಂತಿತು. ಆದರೂ ಸಂಜೆಯ ಮೇಲೆ 41 ಮತ್ತು 31 ಮೀಟರ್, ಹಗಲು 19 ಮತ್ತು 16 ಮೀಟರ್ ಬ್ಯಾಂಡುಗಳು ಖಾಲಿ ಇರುವುದಿಲ್ಲ. ಗದ್ದಲ ನಿಮ್ಮ ಮನೆಯದೇ ಇರಬಹುದು. ಬ್ಯಾಟರಿಯ ಸೆಟ್ ಚಾಲು ಇಟ್ಟು ಮೇನ್ ಸ್ವಿಚ್ ಇಳಿಸಿ. ಸದ್ದು ಅಡಗಿದರೆ ಎಂಸಿಬಿಗಳನ್ನು ಒಂದೊಂದಾಗಿ ಏರಿಸುತ್ತ ಹೋಗಿ, ಎಲ್‌ಇಡಿ ಬಲ್ಬೋ ಮೊಬೈಲ್ ಚಾರ್ಜರೋ ಇನ್ವರ್ಟರೋ ಸಿಕ್ಕಿಬೀಳುತ್ತದೆ. ಆಮೇಲೆ ಮಾಳಿಗೆಯ ಮೇಲೆ 10–15 ಮೀಟರ್ ಹೊದಿಕೆಯ ತಾಮ್ರದ ತಂತಿ ಕಟ್ಟಿ. ವಿದ್ಯುತ್ ತಂತಿಯ ಮೇಲೆ, ಕೆಳಗೆ, ಕಡಿದು ಬೀಳಬಹುದಾದಷ್ಟು ಹತ್ತಿರ, ಎಲ್ಲಿಯೂ ಬೇಡ. ಏಪ್ರಿಲ್–ಮೇನಲ್ಲಿ ಗುಡುಗು ಕೇಳುವ ಮೊದಲೇ ಏರಿಯಲ್ ಕಿತ್ತು ಮನೆಯ ಹೊರಗೆ ಬಿಡಿ.

ಪ್ರಶ್ನೆ: ಡಯಲ್ ಗಾಜನ್ನು ಸ್ಪಿರಿಟ್‌ನಿಂದ ಒರೆಸಬಹುದೇ?
– ಓದುಗರು, ಹಾವೇರಿ

ಉತ್ತರ: ಅಕ್ಷರವಿಲ್ಲದ ಮುಂಬದಿಯನ್ನು ಒದ್ದೆ ಬಟ್ಟೆಯಿಂದ ಒರೆಸಿ. ಅಕ್ಷರ ಇರುವ ಹಿಂಬದಿಗೆ ಸ್ಪಿರಿಟ್ ಇರಲಿ, ನೀರೂ ತಾಗಿಸಬೇಡಿ. ಊರುಗಳ ಹೆಸರೆಲ್ಲ ಬಟ್ಟೆಗೆ ಬಂದುಬಿಡುತ್ತವೆ. ಒಣ ಮೆತ್ತನೆಯ ಬ್ರಷ್‌ನಿಂದ ಧೂಳು ಝಾಡಿಸಿದರೆ ಸಾಕು.